ವಕೀಲ ಶಾಸಕರ ಆತ್ಮಕಥೆಗಳು

ಕನ್ನಡದಲ್ಲಿ ಜೀವನಚರಿತ್ರೆಗಳಿಗೆ ಬರವಿಲ್ಲ. ಶರಣರ, ದಾಸರ, ಕವಿಗಳ ಚರಿತ್ರೆಗಳು ಸಾಕಷ್ಟಿವೆ. ಡಿ. ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳು ಹಳೆಯ ಮೈಸೂರಿನ ಮನುಷ್ಯರನ್ನು ನಮ್ಮ ಮುಂದೆ ತಂದು ಕೂರಿಸಿವೆ; ಅವುಗಳಲ್ಲಿ ಒಂದಕ್ಕೆ 'ಹಲವರು ಸಾರ್ವಜನಿಕರು' ಎಂದೇ ಹೆಸರು. ನಮ್ಮ ಜಿಲ್ಲೆಯ ಗುಬ್ಬಿಯ ಹೆಸರನ್ನು ನಾಡಿನ ಉದ್ದಗಲಕ್ಕೂ ಕೊಂಡೊಯ್ದ ವೀರಣ್ಣನವರು 'ಕಲೆಯೇ ಕಾಯಕ' ಎಂದು ತಮ್ಮ ಕಥೆಯನ್ನು ಹೇಳಿಕೊಂಡಿದ್ದಾರೆ. ಇಷ್ಟೆಲ್ಲ ಇದ್ದರೂ ನಮ್ಮ ಸಣ್ಣ ಊರುಗಳ ಸಾರ್ವಜನಿಕ ಜೀವನವನ್ನು ಬಹುಕಾಲ ನಡೆಸಿಕೊಂಡು ಬಂದ ಒಬ್ಬ ಮನುಷ್ಯನಿಗೆ ಸಾಹಿತ್ಯದಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡಿ, ಪುರಸಭೆಯಲ್ಲಿ ಕುಳಿತು, ಕಡೆಗೆ ಶಾಸನಸಭೆಗೆ ಹೋದವನು ಆತ.

ತುಮಕೂರಿನಲ್ಲಾಗಲಿ ಗುಬ್ಬಿ ಕುಣಿಗಲುಗಳಲ್ಲಾಗಲಿ ಈತನನ್ನು ಬೆರಳಿಟ್ಟು ತೋರಿಸಬೇಕಾದದ್ದಿಲ್ಲ. ಮನೆಯ ಮುಂದಿನ ಕೋಣೆಯೇ ಆಫೀಸು. ಗೋಡೆಯುದ್ದಕ್ಕೂ ಕಾನೂನಿನ ದಪ್ಪ ಸಂಪುಟಗಳು. ಒಂದು ಮೂಲೆಯಲ್ಲಿ ಗುಮಾಸ್ತ. ಜಗಲಿಯ ಮೇಲೆ ಬೆಳಗಿನ ಬಸ್ಸಿಗೆ ಬಂದು ಕಾದು ಕುಳಿತ ಕಕ್ಷಿಗಾರರು. ಅವರ ಕೈಚೀಲದಲ್ಲಿ ಮಡಿಸಿ ಮಡಿಸಿ ಹರಿದ ಕ್ರಯಪತ್ರ, ಕಂದಾಯದ ರಸೀದಿ, ಯಾರೋ ಬರೆದುಕೊಟ್ಟ ಅರ್ಜಿಯ ನಕಲು. ಆ ಕಾಗದಗಳಲ್ಲಿರುವುದು ಅವರ ಅನ್ನ. ಆದರೆ ಆ ಅನ್ನದ ಗತಿಯನ್ನು ಗೊತ್ತುಮಾಡುವ ಕಾನೂನು ಅವರಿಗೆ ತಿಳಿಯದ ಭಾಷೆಯಲ್ಲಿತ್ತು. ಇಂಗ್ಲಿಷಿನ ಕಲಮನ್ನು ಕನ್ನಡದ ಮಾತಿಗೆ ಇಳಿಸಿ ರೈತನಿಗೆ ಹೇಳುವುದು, ರೈತನ ಕಷ್ಟವನ್ನು ಇಂಗ್ಲಿಷಿಗೆ ಏರಿಸಿ ಮುನ್ಸೀಫರಿಗೆ ಹೇಳುವುದು, ಇದು ಈ ವಕೀಲನ ದಿನನಿತ್ಯದ ಕೆಲಸ. ಆ ದೃಷ್ಟಿಯಿಂದ ನೋಡಿದರೆ ಆತನೂ ಒಬ್ಬ ಭಾಷಾಂತರಕಾರನೇ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಆತನಲ್ಲಿ ಆಸಕ್ತಿ ಹುಟ್ಟಲು ಇದೊಂದೇ ಕಾರಣ ಸಾಕು.

ಇಂಥವರು ರಾಜ್ಯದ ಇತಿಹಾಸದಲ್ಲಿ ವಹಿಸಿದ ಪಾತ್ರ ಸಾಮಾನ್ಯವಾದುದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ಆರಂಭವಾದ ನ್ಯಾಯವಿಧಾಯಕ ಸಭೆ, ಇವೆರಡರ ಮೂಲಕ ಊರಿನ ಅಹವಾಲು ಸರ್ಕಾರಕ್ಕೆ ಮುಟ್ಟುವ ಅಭ್ಯಾಸ ನಮ್ಮಲ್ಲಿ ಬೆಳೆಯಿತು. ಸ್ವಾತಂತ್ರ್ಯ ಬಂದ ಮೇಲೆ ಈ ಅಭ್ಯಾಸವೇ ಅಧಿಕಾರವಾಯಿತು. 1952ರಿಂದ 1962ರ ಆರಂಭದವರೆಗಿನ ಹತ್ತು ವರ್ಷಗಳನ್ನೇ ನೋಡಿ. ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ, ಹೀಗೆ ಮುಖ್ಯಮಂತ್ರಿಯ ಪದವಿ ಒಬ್ಬ ವಕೀಲರ ಕೈಯಿಂದ ಮತ್ತೊಬ್ಬ ವಕೀಲರ ಕೈಗೆ ಹೋಯಿತು. ಇವರಲ್ಲಿ ಮೂವರು ತಮ್ಮ ಕಥೆಯನ್ನು ಪುಸ್ತಕವಾಗಿ ಬಿಟ್ಟುಹೋಗಿದ್ದಾರೆ. ಆ ಮೂವರೂ ಸಣ್ಣ ಊರುಗಳ ಕಡೆಯಿಂದ ಬಂದವರು: ಮಂಜಪ್ಪನವರು ತೀರ್ಥಹಳ್ಳಿಯ ಕಡೆಯವರು, ಜತ್ತಿಯವರು ಜಮಖಂಡಿಯವರು, ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು. ಒಂದೇ ವೃತ್ತಿ, ಒಂದೇ ಪಕ್ಷ, ಒಂದೇ ಕಾಲ. ಹೀಗಿದ್ದೂ ಪುಸ್ತಕಗಳ ಹೆಸರುಗಳಲ್ಲಿ ಎಷ್ಟು ಅಂತರವಿದೆ!

ನಿಜಲಿಂಗಪ್ಪನವರ ಆತ್ಮಕಥೆ 2000ದಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಅದರ ಹೆಸರು ನನ್ನ ಬಾಳು ಮತ್ತು ರಾಜಕಾರಣ ಎಂಬರ್ಥದ್ದು. ದಾಖಲೆಯ ಹೊದಿಕೆಯ ಮೇಲೆ ಬರೆದಂತಹ ಹೆಸರು ಅದು. ಒಳಗೇನಿದೆಯೋ ಅದನ್ನಷ್ಟೇ ಹೇಳುತ್ತದೆ. ಜತ್ತಿಯವರ ಪುಸ್ತಕವೂ ಇಂಗ್ಲಿಷಿನದೇ. 'ಐ ಆಮ್ ಮೈ ಓನ್ ಮಾಡೆಲ್', ನನಗೆ ನಾನೇ ಮಾದರಿ. ಜಮಖಂಡಿಯ ಪುರಸಭೆಯಿಂದ ಹೊರಟು, ಆ ಪುಟ್ಟ ಸಂಸ್ಥಾನದ ಮಂತ್ರಿಯಾಗಿ, ಮುಂಬಯಿಯ ಶಾಸನಸಭೆಗೆ ಹೋಗಿ, ಮೈಸೂರಿನ ಮುಖ್ಯಮಂತ್ರಿಯಾಗಿ, 1974ರಲ್ಲಿ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಸ್ಥಾನದಲ್ಲಿಯೂ ಕುಳಿತವರು ಹಾಗೆ ಹೇಳಿಕೊಂಡರೆ ಅದನ್ನು ಜಂಭವೆನ್ನಲಾಗದು. ಅಂತಹ ಹಾದಿಯಲ್ಲಿ ಮುಂದೆ ನಡೆದವರು ಯಾರೂ ಕಾಣದಿದ್ದಾಗ ಮನುಷ್ಯ ತನ್ನ ಹೆಜ್ಜೆಯನ್ನೇ ನಂಬಬೇಕಾಗುತ್ತದೆ.

ಮಂಜಪ್ಪನವರು ತಮ್ಮ ಪುಸ್ತಕವನ್ನು ಕನ್ನಡದಲ್ಲಿ ಬರೆದರು. ಅದಕ್ಕೆ 'ನನಸಾಗದ ಕನಸು' ಎಂದು ಹೆಸರಿಟ್ಟರು. ರಾಜ್ಯದ ಅತ್ಯುನ್ನತ ಗದ್ದುಗೆಯನ್ನು ಏರಿ ಇಳಿದವರೊಬ್ಬರು ತಮ್ಮ ಬಾಳಿನ ಕಥೆಗೆ ಇಂತಹ ಹೆಸರನ್ನು ಕೊಟ್ಟದ್ದು ಅಪೂರ್ವವೇ ಸರಿ. ವಕೀಲನಾದವನು ತನ್ನ ಕೇಸು ಸೋತಿತೆಂದು ಫೈಲಿನ ಮೇಲೆಯೇ ಬರೆದು ತೋರಿಸುವುದಿಲ್ಲ. ಮಂಜಪ್ಪನವರು 'ಪಂಜರವಳ್ಳಿಯ ಪಂಜು' ಮೊದಲಾದ ಕಾದಂಬರಿಗಳನ್ನೂ ಬರೆದವರು. ಮಾತಿನ ತೂಕ ಬಲ್ಲವರು. ಆದ್ದರಿಂದ ಆ ಹೆಸರನ್ನು ವಯಸ್ಸಾದವರ ನಿಟ್ಟುಸಿರೆಂದು ತಳ್ಳಿಹಾಕಬಾರದು. ಯಾವ ಕನಸು? ಅದು ನನಸಾಗದಂತೆ ತಡೆದದ್ದು ಯಾವುದು? ಈ ಪ್ರಶ್ನೆಗಳನ್ನು ಕೇಳಿ ಉತ್ತರ ಹುಡುಕುವುದು ವಿಮರ್ಶಕನ ಕೆಲಸ. ಆ ಉತ್ತರ ಆತ್ಮಕಥೆಯ ಪುಟಗಳಿಂದ ಹೊರಗೆ, ಇನ್ನೊಂದು ಬಗೆಯ ಪುಸ್ತಕದಲ್ಲಿಯೂ ಇದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಪ್ರಕಾರದ ತೊಡಕೊಂದನ್ನು ಹೇಳಬೇಕು. ವಕೀಲನ ವೃತ್ತಿ ಒಂದು ಕಡೆಯ ಪರವಾಗಿ ಮಾತನಾಡುವ ವೃತ್ತಿ. ಎದುರುಕಡೆಯ ಸತ್ಯವನ್ನು ಎತ್ತಿ ಆಡುವುದು ಅವನ ಹೊಣೆಯಲ್ಲ. ಅದಕ್ಕೆ ಎದುರು ವಕೀಲನಿದ್ದಾನೆ, ತೀರ್ಮಾನಕ್ಕೆ ನ್ಯಾಯಾಧೀಶನಿದ್ದಾನೆ. ಮೂವತ್ತು ನಲವತ್ತು ವರ್ಷ ಹೀಗೆ ಮಾತನಾಡಿದವನು ತನ್ನ ಕಥೆಯನ್ನು ಬರೆಯಲು ಕುಳಿತಾಗ ಅದು ಕೋರ್ಟಿಗೆ ಸಲ್ಲಿಸುವ ಲಿಖಿತ ಹೇಳಿಕೆಯಾಗುವ ಅಪಾಯವುಂಟು. ಬೇರೆಯವರು ಬರೆದರೆ ಕೇಡು ತಪ್ಪುತ್ತದೆಯೇ ಎಂದರೆ ಅದೂ ಇಲ್ಲ. ನಮ್ಮಲ್ಲಿ ಅರವತ್ತು ತುಂಬಿದವರಿಗೊಂದು ಅಭಿನಂದನ ಗ್ರಂಥ, ಕಾಲವಾದವರಿಗೊಂದು ಸ್ಮರಣ ಸಂಚಿಕೆ. ಅವುಗಳಲ್ಲಿ ಎಲ್ಲರೂ ನಿಗರ್ವಿಗಳು, ಎಲ್ಲರೂ ಬಡವರ ಬಂಧುಗಳು, ಎಲ್ಲರೂ ಶುಲ್ಕ ತೆಗೆದುಕೊಳ್ಳದೆ ವಾದಿಸಿದವರು. ಊರಿನ ಶಾಲೆಗೆ ಜಾಗ ಕೊಟ್ಟದ್ದು, ಆಸ್ಪತ್ರೆಗೆ ಕಲ್ಲು ಹಾಕಿಸಿದ್ದು ಬರುತ್ತದೆ. ಆತ ಯಾರ ಪರವಾಗಿ ವಕಾಲತ್ತು ಹಾಕಿದ್ದ, ಯಾರ ವಿರುದ್ಧ ಗೆದ್ದ, ಗೆದ್ದ ಮೇಲೆ ಸೋತವನ ಮನೆ ಏನಾಯಿತು ಎಂಬುದು ಬರುವುದಿಲ್ಲ. ಬೆಳಿಗ್ಗೆ ಜೋಡಿದಾರನ ಪರವಾಗಿ ಕೋರ್ಟಿನಲ್ಲಿ ನಿಂತು ಸಂಜೆ ಗೇಣಿದಾರರ ಸಭೆಯಲ್ಲಿ ಭಾಷಣ ಮಾಡುವ ಸಂದರ್ಭ ವಕೀಲ ಶಾಸಕನಿಗೆ ಒದಗದಿರುವುದೇ? ಆ ಇಕ್ಕಟ್ಟಿನಲ್ಲಿ ಅವನ ಮನುಷ್ಯತ್ವವಿದೆ. ಅದನ್ನು ಬಿಟ್ಟು ಬರೆದದ್ದು ಒಳ್ಳೆಯ ನಡತೆಯ ಸರ್ಟಿಫಿಕೇಟಾದೀತು, ಜೀವನಚರಿತ್ರೆಯಾಗಲಾರದು.

ಈ ತೊಡಕಿನಿಂದ ಪಾರಾದ ವಕೀಲರಿಲ್ಲವೆಂದಲ್ಲ. ಗಾಂಧೀಜಿಯವರೇ ಇದ್ದಾರೆ. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಕೇಸಿಗೆ ಎದ್ದು ನಿಂತು, ಸಾಕ್ಷಿಯನ್ನು ಕೇಳಲು ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟು, ತೆಗೆದುಕೊಂಡ ಹಣವನ್ನು ಹಿಂದಕ್ಕೆ ಕೊಟ್ಟ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹೆಸರನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡಿದ್ದ ನಿಟ್ಟೂರು ಶ್ರೀನಿವಾಸರಾಯರು ಬೆಂಗಳೂರಿನಲ್ಲಿ ಪುಸ್ತಕ ಪ್ರಕಟಣೆಗೆ ಕೈಹಾಕಿದಾಗ ತಮ್ಮ ಸಂಸ್ಥೆಗೆ ಇಟ್ಟ ಹೆಸರು ಸತ್ಯಶೋಧನ. ಅವರೂ ವಕೀಲರೇ, ಮುಂದೆ ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದರು, 1964ರಲ್ಲಿ ಕೇಂದ್ರ ಜಾಗೃತ ಆಯೋಗದ ಮೊದಲ ಆಯುಕ್ತರಾದರು. ಅವರು ಶಾಸಕರಲ್ಲದಿದ್ದರೂ ಅವರು ಆರಿಸಿದ ಆ ಹೆಸರು ವಕೀಲರ ಆತ್ಮಕಥೆಗೆ ಒಳ್ಳೆಯ ಒರೆಗಲ್ಲು. ವಾದ ಬೇರೆ, ಶೋಧನೆ ಬೇರೆ. ವಾದಿಸುವವನಿಗೆ ಕೊನೆ ಮೊದಲೇ ಗೊತ್ತಿರುತ್ತದೆ; ಶೋಧಿಸುವವನಿಗೆ ಗೊತ್ತಿರುವುದಿಲ್ಲ.

ಹೊರಗಿನವರು ಬರೆದ ಚರಿತ್ರೆಗಳಲ್ಲಿ ಆದರ್ಶವಾಗಬಲ್ಲದ್ದು ಯಾವುದು? ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಒಂದು ಗ್ರಂಥವನ್ನು ನೆನೆಯಬಹುದು. ಅಬ್ರಹಾಂ ಲಿಂಕನ್ ಎಂದೊಡನೆ ನಮಗೆ ನೆನಪಾಗುವುದು ಗುಲಾಮಗಿರಿಯ ವಿಮೋಚನೆ, ಅಂತರ್ಯುದ್ಧ, ಕೊಲೆ. ಆದರೆ 1861ರಲ್ಲಿ ಅಧ್ಯಕ್ಷರಾಗುವ ಮೊದಲು ಅವರು ಇಲಿನಾಯ್ ಸಂಸ್ಥಾನದ ಒಬ್ಬ ಸಣ್ಣ ಊರಿನ ವಕೀಲರು. 1834ರಿಂದ ನಾಲ್ಕು ಅವಧಿಗೆ ಆ ಸಂಸ್ಥಾನದ ಶಾಸನಸಭೆಯ ಸದಸ್ಯರು. 1836ರಲ್ಲಿ ವಕೀಲಿಯ ಸನ್ನದು ಪಡೆದು, 1837ರಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿಗೆ ಬಂದು ನೆಲೆಸಿದರು. ನ್ಯಾಯಾಧೀಶರು ಊರಿಂದೂರಿಗೆ ಕುದುರೆಯ ಮೇಲೆಯೂ ಗಾಡಿಯಲ್ಲಿಯೂ ಹೋಗಿ ಕೋರ್ಟು ನಡೆಸುತ್ತಿದ್ದ ಕಾಲ. ವಕೀಲರೂ ಅವರ ಹಿಂದೆಯೇ ತಿರುಗಾಡುತ್ತಿದ್ದರು. ಸಾಲದ ಕೇಸು, ಬೇಲಿಯ ಕೇಸು, ದನದ ಕೇಸು, ಹೀಗೆ ಲಿಂಕನ್ನರು ಐದು ಸಾವಿರಕ್ಕೂ ಮೇಲ್ಪಟ್ಟ ವ್ಯವಹಾರಗಳಲ್ಲಿ ವಕೀಲರಾಗಿದ್ದರು. ನಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿ ನಿಂತರೆ ಕಿವಿಗೆ ಬೀಳುವ ವ್ಯಾಜ್ಯಗಳೇ ಅವು.

1844ರಿಂದ ಅವರ ಜೊತೆಗೆ ವಕೀಲಿಯಲ್ಲಿ ಪಾಲುದಾರರಾಗಿದ್ದವರು ವಿಲಿಯಂ ಹರ್ನ್ಡನ್. 1865ರಲ್ಲಿ ಲಿಂಕನ್ನರ ಕೊಲೆಯಾಯಿತು. ದೇಶವೆಲ್ಲ ಅವರನ್ನು ದೇವರನ್ನಾಗಿ ಮಾಡಲು ಹೊರಟಾಗ ಹರ್ನ್ಡನ್ನರು ಬೇರೆ ಕೆಲಸಕ್ಕೆ ಕೈಹಾಕಿದರು. ಲಿಂಕನ್ನರ ಹಳೆಯ ನೆರೆಹೊರೆಯವರನ್ನು, ಬಂಧುಗಳನ್ನು, ಜೊತೆಯ ವಕೀಲರನ್ನು ಹುಡುಕಿಕೊಂಡು ಹೋಗಿ ಕೇಳಿದರು. ದೂರದಲ್ಲಿದ್ದವರಿಗೆ ಕಾಗದ ಬರೆದರು. ಬಂದ ಉತ್ತರಗಳನ್ನೆಲ್ಲ ಜೋಪಾನವಾಗಿಟ್ಟರು. ವಕೀಲನು ಕೇಸಿಗೆ ಸಾಕ್ಷ್ಯ ಕೂಡಿಸುವ ಹಾಗೆ ಗೆಳೆಯನ ಬಾಳಿಗೆ ಸಾಕ್ಷ್ಯ ಕೂಡಿಸಿದರು. 1889ರಲ್ಲಿ, ಜೆಸ್ಸಿ ವೀಕ್ ಎಂಬವರ ನೆರವಿನಿಂದ, ಗ್ರಂಥ ಹೊರಬಿದ್ದಿತು. ಅದರಲ್ಲಿನ ಲಿಂಕನ್ನರ ಆಫೀಸು ಕಸದ ಕೊಂಪೆ. ಮುಖ್ಯವಾದ ಕಾಗದಗಳನ್ನು ಟೋಪಿಯೊಳಗೆ ಇಟ್ಟುಕೊಂಡು ಓಡಾಡುವ ಮನುಷ್ಯ. ಒಳಗೊಳಗೇ ಕೊರಗುವ, ಮಹತ್ವಾಕಾಂಕ್ಷೆಯನ್ನು ಬಿಡದ ಮನುಷ್ಯ. ಹರ್ನ್ಡನ್ನರು ಹೇಳಿದ್ದನ್ನೆಲ್ಲ ಇತಿಹಾಸಕಾರರು ಒಪ್ಪಿಲ್ಲ. ಲಿಂಕನ್ನರ ಮೊದಲ ಪ್ರೇಮದ ವಿಷಯದಲ್ಲಿ ಅವರ ಮಾತು ಈಗಲೂ ವಾದಗ್ರಸ್ತ. ಆದರೂ ಅವರು ಕೂಡಿಸಿಟ್ಟ ಸಾಕ್ಷ್ಯವನ್ನು ಬಿಟ್ಟು ಲಿಂಕನ್ನರ ಪೂರ್ವಜೀವನವನ್ನು ಯಾರೂ ಬರೆಯಲಾರರು.

ಇನ್ನೊಂದು ಸಂಗತಿಯೂ ಇದೆ. 1847ರಲ್ಲಿ ಮ್ಯಾಟ್ಸನ್ ಎಂಬ ಜಮೀನುದಾರ ತನ್ನ ಗುಲಾಮರೆಂದು ಹೇಳಿಕೊಂಡ ಒಂದು ಕುಟುಂಬವನ್ನು ಮತ್ತೆ ವಶಕ್ಕೆ ಪಡೆಯಲು ಇಲಿನಾಯಿನ ಕೋರ್ಟಿಗೆ ಹೋದ. ಆತನ ಪರವಾಗಿ ವಾದಿಸಿದವರಲ್ಲಿ ಲಿಂಕನ್ನರೂ ಇದ್ದರು! ಕೇಸು ಸೋತಿತು, ಆ ತಾಯಿಯೂ ಮಕ್ಕಳೂ ಸ್ವತಂತ್ರರಾದರು. ಇದನ್ನು ಓದಿದಾಗ ಮೊದಲು ಮನಸ್ಸಿಗೆ ನೋವಾಗುತ್ತದೆ. ಆದರೆ ಇದನ್ನು ಮರೆಮಾಡಿದ ಚರಿತ್ರೆಗಿಂತ ಇದನ್ನು ಹೇಳಿದ ಚರಿತ್ರೆಯಲ್ಲಿ ಲಿಂಕನ್ನರು ದೊಡ್ಡವರಾಗಿ ಕಾಣುತ್ತಾರೆ. ಹುಟ್ಟಿದಾಗಲೇ ವಿಮೋಚಕನಾಗಿದ್ದವನಿಗೆ ಬೆಳೆಯಬೇಕಾದದ್ದೇನೂ ಇರುವುದಿಲ್ಲ. ಗುಲಾಮರ ಒಡೆಯನಿಗೆ ವಕೀಲನಾಗಿದ್ದವನು ಹದಿನಾರು ವರ್ಷಗಳ ತರುವಾಯ ವಿಮೋಚನೆಯ ಘೋಷಣೆಗೆ ಸಹಿ ಹಾಕಿದನೆಂದರೆ ನಡುವೆ ಒಂದು ಬಾಳು ನಡೆದಿದೆ ಎಂದರ್ಥ. ಬರೆಯತಕ್ಕದ್ದು ಆ ಬಾಳನ್ನು. ಕೋರ್ಟಿನ ಕಡತಗಳು ಉಳಿದಿದ್ದರಿಂದ ಅದು ಸಾಧ್ಯವಾಯಿತು.

ಈಗ ಮಂಜಪ್ಪನವರ ಕನಸಿಗೆ ಬರೋಣ. ಕವಿಯನ್ನು ತಿಳಿಯಬೇಕಾದರೆ ಅವನ ಕಾವ್ಯವನ್ನು ಓದಬೇಕು. ಶಾಸಕನನ್ನು ತಿಳಿಯಬೇಕಾದರೆ ಏನನ್ನು ಓದಬೇಕು? ಅವನ ಭಾಷಣಗಳನ್ನಲ್ಲ, ಅವನು ಕೈಯಾಡಿಸಿದ ಶಾಸನವನ್ನು. ಅವನ ಕೃತಿ ಅದೇ. ಹಳಗನ್ನಡದ ಒಂದು ಶಬ್ದಕ್ಕಾಗಿ ದಿನಗಟ್ಟಲೆ ನಿಘಂಟು ತಿರುವಿಹಾಕುವ ನಾವು, ಲಕ್ಷಾಂತರ ಜನರ ಬದುಕನ್ನು ಮಾರ್ಪಡಿಸಿದ ಈ ಬರಹವನ್ನು ವಕೀಲರ ಪಾಲಿಗೆ ಬಿಟ್ಟು ಸುಮ್ಮನಿದ್ದೇವೆ.

ಮಂಜಪ್ಪನವರು ಹನುಮಂತಯ್ಯನವರ ಮಂತ್ರಿಮಂಡಲದಲ್ಲಿ ಕಂದಾಯ ಮಂತ್ರಿಗಳು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಮರುವರ್ಷ ಮೈಸೂರಿನಲ್ಲಿ ಗೇಣಿಯ ಶಾಸನ ಬಂದಿತು. ಆಮೇಲೆ 1954 ಮತ್ತು 1955ರಲ್ಲಿ ಇನಾಂ ರದ್ದಿಯಾತಿ ಶಾಸನಗಳು ಬಂದವು. ಇನಾಂ ಗ್ರಾಮದ ರೈತನಿಗೂ ಸರ್ಕಾರಕ್ಕೂ ನಡುವೆ ನಿಂತಿದ್ದ ಇನಾಂದಾರನನ್ನು ಇವು ಪಕ್ಕಕ್ಕೆ ಸರಿಸಿದವು. ತುಮಕೂರು ಸೀಮೆಯ ಜೋಡಿ ಗ್ರಾಮಗಳ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಶಾಸನ ಇನಾಂ ಭೂಮಿಯ ಗೇಣಿದಾರರನ್ನು ಮೂರು ಬಗೆಯಾಗಿ ವಿಂಗಡಿಸಿತು: ಕದೀಮ್ ಗೇಣಿದಾರ, ಖಾಯಂ ಗೇಣಿದಾರ, ಅರೆಖಾಯಂ ಗೇಣಿದಾರ. ಕದೀಮ್ ಎಂದರೆ ಹಳೆಯ, ಪುರಾತನ. ಪಾರಸಿಯ ಮೂಲಕ ನಮಗೆ ಬಂದ ಅರಬ್ಬೀ ಮಾತು. ರೈತ ಮೂರರಲ್ಲಿ ಯಾವ ಮಾತಿನ ಕೆಳಗೆ ಬರುತ್ತಾನೆ ಎಂಬುದರ ಮೇಲೆ ಅವನ ಹಕ್ಕಿನ ಬಲ ನಿಂತಿತ್ತು. ತಾತ ಮುತ್ತಾತನ ಕಾಲದಿಂದ ಉಳುತ್ತಿದ್ದೇನೆ ಎನ್ನುವವನು ತಾನು ಕದೀಮನೆಂದು ರುಜುವಾತುಪಡಿಸಬೇಕು. ಅದಕ್ಕೆ ಕಾಗದ ಬೇಕು. ಕಾಗದವಿದ್ದದ್ದು ಇನಾಂದಾರನ ಮನೆಯಲ್ಲಿ. ಒಂದು ಶಬ್ದದ ಒಳಗೆ ಎಷ್ಟು ವ್ಯಾಜ್ಯ ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1956ರ ಆಗಸ್ಟ್ 19ರಂದು ಮಂಜಪ್ಪನವರು ಮುಖ್ಯಮಂತ್ರಿಗಳಾದರು. ಅಕ್ಟೋಬರ್ 31ಕ್ಕೆ ಆ ಅಧಿಕಾರ ಮುಗಿಯಿತು. ಮರುದಿನ ವಿಶಾಲ ಮೈಸೂರು ರಾಜ್ಯ ಉದಯವಾಗಿ ನಿಜಲಿಂಗಪ್ಪನವರು ಬಂದರು. ಒಟ್ಟು 74 ದಿನ. ಕನಸು ನನಸಾಗದ್ದಕ್ಕೆ ಈ ಅಲ್ಪಾವಧಿಯೇ ಕಾರಣವೆಂದು ಅವಸರದ ಓದುಗ ಹೇಳಿಬಿಡಬಹುದು. ಹಾಗೆ ಹೇಳಿದರೆ ಕನಸನ್ನು ಕುರ್ಚಿಗೆ ಇಳಿಸಿದಂತಾಗುತ್ತದೆ. ನನ್ನ ಓದಿನಲ್ಲಿ ಅದರ ಉತ್ತರ 1961ರ ಭೂಸುಧಾರಣಾ ಶಾಸನದಲ್ಲಿದೆ.

ಆ ಶಾಸನದ ಹಿಂದೆ ನಮ್ಮ ಮೂವರು ಆತ್ಮಕಥೆಗಾರರೂ ಇದ್ದಾರೆ. ನಿಜಲಿಂಗಪ್ಪನವರ ಸರ್ಕಾರದ ಕಾಲದಲ್ಲಿ, 1957ರಲ್ಲಿ, ಗೇಣಿಯ ಕಾನೂನುಗಳನ್ನು ಪರಿಶೀಲಿಸಲು ನೇಮಕವಾದ ಸಮಿತಿಗೆ ಜತ್ತಿಯವರು ಅಧ್ಯಕ್ಷರು. ಮಸೂದೆಗಾಗಿ ದುಡಿದವರಲ್ಲಿ ಮಂಜಪ್ಪನವರು ಮುಖ್ಯರು. ಶಾಸನಸಭೆ ಅದನ್ನು ಅಂಗೀಕರಿಸಿದಾಗ ಜತ್ತಿಯವರು ಮುಖ್ಯಮಂತ್ರಿಗಳು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆಗ ಮತ್ತೆ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳು. ಮಸೂದೆಗೂ ಜಾರಿಗೂ ನಡುವೆ ಇಷ್ಟು ವರ್ಷಗಳಾದರೆ, ಭೂಮಿಯುಳ್ಳವನಿಗೆ ಮುಂದಿನ ಏರ್ಪಾಡು ಮಾಡಿಕೊಳ್ಳಲು ಬೇಕಾದಷ್ಟು ಬಿಡುವು ಸಿಕ್ಕಿತು.

ಆ ಶಾಸನದಲ್ಲಿ ಒಂದು ಮಾತು ಬರುತ್ತದೆ: ಸ್ವಂತ ಬೇಸಾಯ. ಭೂಮಿಯ ಒಡೆಯ ತಾನೇ ಸ್ವಂತ ಬೇಸಾಯ ಮಾಡುತ್ತೇನೆಂದು ಹೇಳಿ ಗೇಣಿಗೆ ಕೊಟ್ಟ ಜಮೀನಿನಲ್ಲಿ ಅರ್ಧದವರೆಗೆ ಹಿಂದಕ್ಕೆ ಪಡೆಯಲು ಅವಕಾಶವಿತ್ತು. ಕೇಳಲು ನ್ಯಾಯವಾಗಿಯೇ ಇದೆ. ಉಳುತ್ತೇನೆ ಎನ್ನುವವನಿಗೆ ಬೇಡವೆನ್ನುವವರಾರು? ಆದರೆ ವ್ಯಾಖ್ಯೆಯನ್ನು ನೋಡಬೇಕು. ತನ್ನ ದುಡಿಮೆಯಿಂದ ಮಾಡಿದ್ದು ಸ್ವಂತ ಬೇಸಾಯ. ಮನೆಯವರ ದುಡಿಮೆಯಿಂದ ಮಾಡಿದ್ದೂ ಸ್ವಂತ ಬೇಸಾಯ. ತಾನೋ ಮನೆಯವರೊಬ್ಬರೋ ಮೇಲ್ವಿಚಾರಣೆ ನೋಡಿಕೊಂಡು, ಬೆಳೆಯಲ್ಲಿ ಪಾಲು ಕೊಡದೆ, ಕೂಲಿ ಕೊಟ್ಟು ಆಳುಗಳಿಂದ ಮಾಡಿಸಿದ್ದೂ ಸ್ವಂತ ಬೇಸಾಯವೇ! ನಮ್ಮ ಹಳ್ಳಿಯ ಮಾತಿನಲ್ಲಿ ಸ್ವಂತ ಬೇಸಾಯವೆಂದರೆ ನೇಗಿಲಿನ ಮೇಣಿಯನ್ನು ಹಿಡಿದ ಕೈ. ಶಾಸನದ ಮಾತಿನಲ್ಲಿ ಅದು ಬದುವಿನ ಮೇಲೆ ಕೊಡೆ ಹಿಡಿದು ನಿಂತ ಕೈಯೂ ಆಯಿತು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯಲ್ಲಿ ಉಳುವುದೆಂದರೆ ಏನೆಂದು ಕೇಳುವ ಹೊತ್ತು ಬಂದಾಗ ಕಾನೂನು ಎರಡು ನಾಲಿಗೆಯಲ್ಲಿ ಉತ್ತರ ಕೊಟ್ಟಿತು. ಕನಸು ನನಸಾಗದೆ ನಿಂತದ್ದು ಈ 'ಸ್ವಂತ' ಎಂಬ ಎರಡಕ್ಷರದ ಬಳಿಯಲ್ಲಿ ಎಂದು ನಾನು ತಿಳಿಯುತ್ತೇನೆ.

ಇದು ಒಬ್ಬ ಮಂತ್ರಿಯ ತಪ್ಪೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಶಾಸನವೆಂಬುದು ಒಬ್ಬ ಕವಿಯ ಕೃತಿಯಲ್ಲ. ಹಲವರು ಎಳೆದಾಡಿ ನೇಯ್ದ ಬಟ್ಟೆ. ಸಭೆಯಲ್ಲಿ ಕುಳಿತವರಲ್ಲಿ ಭೂಮಿಯುಳ್ಳವರು ಬಹಳ, ಗೇಣಿದಾರರು ವಿರಳ. ಅಂತಹ ಸಭೆಯಿಂದ ಒಂದು ಹೆಜ್ಜೆಯನ್ನಾದರೂ ಮುಂದಿಡಿಸಬೇಕಾದರೆ ಎಷ್ಟು ಬಿಟ್ಟುಕೊಡಬೇಕು, ಯಾವ ಶಬ್ದವನ್ನು ಸಡಿಲ ಮಾಡಬೇಕು ಎಂದು ಲೆಕ್ಕ ಹಾಕುವುದೇ ಶಾಸಕನ ಕಸಬು. ಆ ಲೆಕ್ಕದಲ್ಲಿ ಗೆದ್ದದ್ದೆಷ್ಟು, ಕಳೆದದ್ದೆಷ್ಟು? ಮಂಜಪ್ಪನವರ ಬಾಳಿನ ನಿಜವಾದ ನಾಟಕ ಇದು. ಕಾದಂಬರಿಗೆ ಇದು ಹಿಡಿಸಲಿಲ್ಲ. ಅದೇ ಮಲೆನಾಡಿನ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬಾಳಿನ ನೆರಳು ಅನಂತಮೂರ್ತಿಯವರ 'ಅವಸ್ಥೆ'ಯಲ್ಲಿ ಬಿದ್ದಿದೆಯೆಂದು ವಿಮರ್ಶಕರು ಗುರುತಿಸಿದ್ದಾರೆ. ಹೋರಾಟಗಾರನ ಕೆಚ್ಚು ಕಥೆಗಾರನ ಕಣ್ಣಿಗೆ ಬೇಗ ಬೀಳುತ್ತದೆ. ಕಲಮು ಬರೆಯುವವನ ಕಷ್ಟ ಬೀಳುವುದಿಲ್ಲ. ಅದು ಮೇಜಿನ ಮುಂದೆ, ಸದ್ದಿಲ್ಲದೆ, ಒಂದು ಪದವನ್ನು ಹೊಡೆದು ಇನ್ನೊಂದನ್ನು ಹಾಕುವ ಕಷ್ಟ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಯೋಧರು, ನಾವಿಕರು ಮೊದಲಾದ ಕೆಲವರನ್ನು ಬಿಟ್ಟು, ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯಮಂಡಲಿಯ ಮುಂದೆ ಹೋಗಬೇಕು. ಮಂಡಲಿಗೆ ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಸರ್ಕಾರ ನೇಮಿಸಿದ ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರಾದರೂ ಇರಬೇಕು. ಈ ಶಾಸನದಲ್ಲಿ ನಮ್ಮ ವಿಷಯಕ್ಕೆ ಬಹಳ ಸಂಬಂಧಪಟ್ಟ ಒಂದು ಮಾತಿತ್ತು: ಮಂಡಲಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ. ವಕೀಲರೇ ಮುಂದಾಳುಗಳಾಗಿ ಬರೆದ ಭೂಶಾಸನಗಳ ಪರಂಪರೆ ಕೊನೆಗೆ ವಕೀಲರನ್ನೇ ಬಾಗಿಲ ಹೊರಗೆ ನಿಲ್ಲಿಸಿತು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತಳ್ಳಿಹಾಕಿತು ನಿಜ. ಆದರೆ ಅದು ಶಾಸನದಲ್ಲಿ ಹುಟ್ಟಿತೆಂಬುದೇ ಸಣ್ಣ ಊರಿನ ವಕೀಲನ ಮೇಲೆ ಕಾಲ ಬರೆದ ವಿಮರ್ಶೆ. ಭಾಷಾಂತರಕಾರನಿಗೆ ಎರಡು ಭಾಷೆಗಳ ನಡುವೆ ಇರುವ ಅಂತರವೇ ಜೀವನೋಪಾಯ. ಆ ಅಂತರ ಕಡಿಮೆಯಾಗಲಿ ಎಂದು ಆತ ನಿಜವಾಗಿ ಬಯಸಿದನೇ? ವಕೀಲ ಶಾಸಕನ ಚರಿತ್ರೆಯನ್ನು ಬರೆಯುವವನು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ.

1992ರಲ್ಲಿ ಮಂಜಪ್ಪನವರು ತೀರಿಕೊಂಡರು. 2020ರ ತಿದ್ದುಪಡಿ ಬೇಸಾಯಗಾರರಲ್ಲದವರು ಸಾಗುವಳಿ ಜಮೀನನ್ನು ಕೊಳ್ಳುವುದಕ್ಕೆ 1974ರಿಂದ ಇದ್ದ ತಡೆಯನ್ನು ತೆಗೆದುಹಾಕಿತು. ಬೆಂಗಳೂರಿಗೆ ಹತ್ತಿರವಾದ ಕುಣಿಗಲು ತುಮಕೂರುಗಳ ರೈತರಿಗೆ ಇದರ ಅರ್ಥವೇನೆಂಬುದು ದೂರದವರಿಗಿಂತ ಬೇಗ ಆಗುತ್ತದೆ. ಆತ್ಮಕಥೆಯ ಹೆಸರಿನಲ್ಲಿದ್ದ 'ನನಸಾಗದ' ಎಂಬ ವಿಶೇಷಣ ಹಳತಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಈಗ ಆಗಬೇಕಾದ ಕೆಲಸ ಇಷ್ಟು. ಮುಖ್ಯಮಂತ್ರಿಗಳಾದವರು ತಮ್ಮ ಪುಸ್ತಕಗಳನ್ನು ಬರೆದರು. ಒಂದೆರಡು ಅವಧಿ ಶಾಸನಸಭೆಯಲ್ಲಿ ಕುಳಿತು, ಮತ್ತೆ ಕಪ್ಪು ಕೋಟು ತೊಟ್ಟು ತಾಲ್ಲೂಕು ಕೋರ್ಟಿಗೆ ಹಿಂದಿರುಗಿದವರು ಬರೆಯಲಿಲ್ಲ. ಅವರ ಬಾಳಿಗೆ ಮೂರು ದಾಖಲೆಗಳುಂಟು. ಕೋರ್ಟಿನ ಕಡತಗಳು ಒಂದು. ಯಾರ ಪರ, ಯಾರ ವಿರುದ್ಧ ಎಂಬುದನ್ನು ಅವು ಹೇಳುತ್ತವೆ. ಶಾಸನಸಭೆಯ ಅಚ್ಚಾದ ನಡವಳಿಗಳು ಎರಡನೆಯದು. ಯಾವ ಕಲಮಿಗೆ ಎದ್ದು ನಿಂತು ಮಾತನಾಡಿದರು, ಯಾವುದಕ್ಕೆ ಸುಮ್ಮನೆ ಕುಳಿತರು ಎಂಬುದು ಅಲ್ಲಿದೆ. ಮೂರನೆಯದು ನೆರೆಹೊರೆಯವರ ನೆನಪು. ಗುಮಾಸ್ತನ ಮನೆಯವರು, ಕಕ್ಷಿಗಾರನ ಮಕ್ಕಳು, ಮುಖ್ಯವಾಗಿ ಸೋತ ಕಡೆಯವರು. ಈ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದಾಗ ಮಾತ್ರ ಮನುಷ್ಯ ಕಾಣುತ್ತಾನೆ. ಒಂದನ್ನೇ ಹಿಡಿದರೆ ವಕೀಲನೋ ಶಾಸಕನೋ ದೇವರೋ ಕಾಣುತ್ತಾನೆ.

ಎಂ. ಎ. ಪದವಿಯ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ಕನ್ನಡ ವಿದ್ಯಾರ್ಥಿಗಳು, ನಾಲ್ಕು ಸಲ ಬರೆದಾಗಿರುವ ಕವಿಯನ್ನು ಐದನೆಯ ಸಲ ಬರೆಯುವುದಕ್ಕಿಂತ, ಗುಬ್ಬಿಯದೋ ಕುಣಿಗಲಿನದೋ ಒಬ್ಬ ವಕೀಲ ಶಾಸಕನನ್ನು ಆರಿಸಿಕೊಳ್ಳಬಾರದೇಕೆ? ಅವನು ಆಡಿದ ಕನ್ನಡ, ಅವನು ಬರೆದ ಇಂಗ್ಲಿಷು, ಅವೆರಡರ ನಡುವೆ ಕಳೆದುಹೋದ ರೈತನ ಮಾತು, ಇವು ಭಾಷೆಯ ಅಧ್ಯಯನಕ್ಕೆ ತಕ್ಕ ವಿಷಯಗಳೇ. ಕೆಲಸವನ್ನು ತಡಮಾಡುವಂತಿಲ್ಲ. ಹಳೆಯ ವಕೀಲರ ಮನೆಗಳನ್ನು ಕೆಡವಿ ಕಟ್ಟುವಾಗ ಕಾನೂನಿನ ಸಂಪುಟಗಳ ಜೊತೆಗೆ ಕಡತಗಳ ಕಟ್ಟುಗಳೂ ತೂಕದ ಲೆಕ್ಕದಲ್ಲಿ ಹಳೇ ಪೇಪರಿನವನ ಗಾಡಿಗೆ ಹೋಗುತ್ತವೆ. 1955ರ ಕದೀಮ್ ಗೇಣಿದಾರನೊಬ್ಬನ ಹೆಬ್ಬೆಟ್ಟಿನ ಗುರುತು ಅಂತಹ ಒಂದು ಕಟ್ಟಿನಲ್ಲಿ ಇನ್ನೂ ಇರಬಹುದು.